ಒಲೆಯ ಮೇಲಿನ ಕಪಾಟಿನಲ್ಲಿಟ್ಟ ಮಸಾಲೆ ಪುಡಿಗಳು ಆರೇ ತಿಂಗಳಿಗೆ ಘಮ ಕಳೆದುಕೊಂಡಿವೆ: ಏನು ತಪ್ಪಾಗಿರಬಹುದು?

ಪ್ರಶ್ನೆ – ಹೊಸ ಒಲೆ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಅಡುಗೆಮನೆಯನ್ನು ಹೊಸದಾಗಿ ಜೋಡಿಸಿಕೊಂಡಾಗ, ಅಡುಗೆ ಮಾಡುತ್ತಲೇ ಕೈಗೆ ಸಿಗಲಿ ಎಂಬ ಒಂದೇ ಕಾರಣಕ್ಕೆ ಒಲೆಯ ನೇರ ಮೇಲ್ಗಡೆ ತೆರೆದ ಕಪಾಟೊಂದನ್ನು ಹಾಕಿಸಿ, ಒಂದೇ ಅಳತೆಯ 20 ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮಸಾಲೆ ಸಾಮಾನುಗಳನ್ನೆಲ್ಲ ತುಂಬಿ ಸಾಲಾಗಿ ಇರಿಸಿದೆ. ನೋಡಲು ಬಹಳ ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಕೊತ್ತಂಬರಿ ಪುಡಿಯನ್ನು ಮೂಸಿದರೆ ಮರದ ಹೊಟ್ಟನ್ನು ಮೂಸಿದಂತಾಯಿತು. ಅಚ್ಚಖಾರದ ಪುಡಿಯ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು. ಬೆಳ್ಳುಳ್ಳಿ ಪುಡಿಯಂತೂ ಚಮಚದ ಹಿಡಿಯಿಂದ ಕುಟ್ಟಿದರೂ ಒಡೆಯದ ಹೆಂಟೆಯಾಗಿದೆ. ವಿಚಿತ್ರವೆಂದರೆ ಅದೇ ಸಾಲಿನಲ್ಲಿ, ಅದೇ ಬಗೆಯ ಡಬ್ಬಿಯಲ್ಲಿದ್ದ ಲವಂಗಕ್ಕೆ ಏನೂ ಆಗಿಲ್ಲ. ಮುಚ್ಚಳ ತೆಗೆದರೆ ಇಂದಿಗೂ ಮೂಗಿಗೆ ಬಡಿಯುತ್ತದೆ.

ಇದರ ಜೊತೆಗೆ ಹಸಿ ಎಲೆಗಳದ್ದು ಬೇರೆಯೇ ಗೋಳು. ಕಾಮಕಸ್ತೂರಿ ಎಲೆಯನ್ನು ಫ್ರಿಜ್‌ನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ. ಕೊತ್ತಂಬರಿ ಸೊಪ್ಪನ್ನು ತೊಳೆದು ಚೀಲದಲ್ಲಿ ಕಟ್ಟಿಟ್ಟರೆ ನಾಲ್ಕನೆಯ ದಿನಕ್ಕೆ ಲೋಳೆಯಾಗುತ್ತದೆ. ಇವನ್ನೆಲ್ಲ ಫ್ರಿಜ್‌ಗೆ ಹಾಕಬೇಕೋ ಬೇಡವೋ, ಹಾಕುವುದಾದರೆ ಯಾವುದನ್ನು ಹೇಗೆ ಹಾಕಬೇಕು ಎಂಬುದನ್ನು ಅನುಭವವಿರುವವರು ಕಾರಣಸಹಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಕಾರಣ ಗೊತ್ತಾದರೆ ಮುಂದಿನದನ್ನು ನಾನೇ ಯೋಚಿಸಿಕೊಳ್ಳಬಲ್ಲೆ.

ಉತ್ತರ 1 – ಗಾಜಿನ ಭರಣಿ

ನಿಮ್ಮ ಲವಂಗದಲ್ಲಿಯೇ ಅರ್ಧ ಉತ್ತರ ಅಡಗಿದೆ. ಮಸಾಲೆಯ ಘಮ ಎಂದು ನಾವು ಕರೆಯುವುದು ಅದರೊಳಗಿನ ಆವಿಯಾಗುವ ಎಣ್ಣೆಗಳನ್ನು. ಒಳ್ಳೆಯ ಲವಂಗದ ಮೊಗ್ಗಿನ ತೂಕದಲ್ಲಿ ಸುಮಾರು ಶೇ. 15ರಿಂದ 20ರಷ್ಟು ಇಂಥ ಎಣ್ಣೆಯೇ ಇರುತ್ತದೆ, ಮತ್ತು ಅದರ ಬಹುಪಾಲು ಯೂಜಿನಾಲ್ ಎಂಬ, ಅಷ್ಟು ಸುಲಭವಾಗಿ ಆವಿಯಾಗದ ವಸ್ತು. ಕೊತ್ತಂಬರಿ ಬೀಜದಲ್ಲಿ ಎಣ್ಣೆಯ ಪ್ರಮಾಣ ಸಾಮಾನ್ಯವಾಗಿ ಶೇ. 1ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತಲೂ ಕಡಿಮೆ. ಅದರಲ್ಲಿ ಮುಖ್ಯವಾದ ಲಿನಲೂಲ್ ಬೇಗನೆ ಹಾರಿಹೋಗುವಂಥದ್ದು. ಹೀಗಾಗಿ ಒಬ್ಬನ ಗಂಟು ದೊಡ್ಡದು, ಖರ್ಚು ಕಡಿಮೆ. ಇನ್ನೊಬ್ಬನ ಗಂಟೂ ಚಿಕ್ಕದು, ಕೈಯೂ ಸಡಿಲ.

ಆದರೆ ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಲವಂಗವನ್ನು ನೀವು ಇಡಿಯಾಗಿ ಇಟ್ಟಿದ್ದೀರಿ, ಕೊತ್ತಂಬರಿಯನ್ನು ಪುಡಿಯಾಗಿ ಇಟ್ಟಿದ್ದೀರಿ. ಕೊತ್ತಂಬರಿ, ಜೀರಿಗೆ, ಸೋಂಪು ಇವುಗಳಲ್ಲಿ ಎಣ್ಣೆಯು ಕಾಳಿನ ಉದ್ದಕ್ಕೂ ಸಾಗುವ ಸಣ್ಣ ಸಣ್ಣ ನಾಳಗಳೊಳಗೆ ಭದ್ರವಾಗಿರುತ್ತದೆ. ಒಂದು ಜೀರಿಗೆಯ ಕಾಳನ್ನು ಹಾಗೆಯೇ ಮೂಸಿ ನೋಡಿ, ಅನಂತರ ಅದನ್ನೇ ಉಗುರಿನಿಂದ ಸೀಳಿ ಮೂಸಿ ನೋಡಿ. ಆ ಎರಡರ ನಡುವಿನ ಅಂತರವೇ ನಾಳ ಒಡೆಯುವುದರ ಅರ್ಥ. ಪುಡಿ ಮಾಡುವುದೆಂದರೆ ಆ ನಾಳಗಳನ್ನೆಲ್ಲ ಒಮ್ಮೆಗೇ ಒಡೆದು, ಗಾಳಿಗೆ ತೆರೆದುಕೊಳ್ಳುವ ಮೇಲ್ಮೈಯನ್ನು ಅದೆಷ್ಟೋ ಪಟ್ಟು ಹೆಚ್ಚಿಸುವುದು. ಆದ್ದರಿಂದ ಇಡಿಯ ಕಾಳುಗಳು ಸರಿಯಾಗಿ ಇಟ್ಟರೆ ಮೂರು ನಾಲ್ಕು ವರ್ಷ ಬಳಕೆಗೆ ಬರುತ್ತವೆ, ಪುಡಿಗಳು ಒಂದೆರಡು ವರ್ಷದೊಳಗೆ ಸಪ್ಪೆಯಾಗುತ್ತವೆ. ಏಲಕ್ಕಿಗೂ ಇದೇ ನ್ಯಾಯ: ಸಿಪ್ಪೆಯೊಳಗಿರುವ ತನಕ ಬೀಜಕ್ಕೆ ರಕ್ಷಣೆ, ಬಿಡಿಸಿಟ್ಟ ಬೀಜ ಬೇಗನೆ ಬಡವಾಗುತ್ತದೆ.

ಇನ್ನು ಸ್ಥಳದ ಮಾತು. ಒಲೆಯ ಮೇಲ್ಗಡೆ ಎನ್ನುವುದು ಅಡುಗೆಮನೆಯಲ್ಲಿ ಮಸಾಲೆಗೆ ಇರುವ ಅತ್ಯಂತ ಕೆಟ್ಟ ಜಾಗ ಎಂದು ನಾನು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ, ಏಕೆಂದರೆ ಬಿಸಿ, ಹಬೆ ಮತ್ತು ಬೆಳಕು ಮೂರೂ ಅಲ್ಲಿಯೇ ಸೇರುತ್ತವೆ. ಬಿಸಿಯಿಂದ ಎಣ್ಣೆ ಬೇಗ ಹಾರುತ್ತದೆ. ಬೆಳಕು ಮತ್ತು ಗಾಳಿ ಸೇರಿ ಮೆಣಸಿನಕಾಯಿಯ ಕೆಂಪು ಬಣ್ಣವನ್ನು, ಅಂದರೆ ಅದರ ಕ್ಯಾರೊಟಿನಾಯ್ಡ್‌ಗಳನ್ನು, ಒಡೆಯುತ್ತವೆ. ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಸಹ ಬೆಳಕಿಗೆ ಬಾಡುತ್ತದೆ. ಕಾಳುಮೆಣಸಿನ ಪುಡಿಯ ಖಾರಕ್ಕೆ ಕಾರಣವಾದ ಪೈಪರಿನ್ ಕೂಡ ಬೆಳಕಿಗೆ ಸಿಕ್ಕಿ ತನ್ನ ರೂಪ ಬದಲಿಸಿಕೊಂಡು ಖಾರ ಕಳೆದುಕೊಳ್ಳುತ್ತದೆ. ಮೆಣಸಿನಕಾಯಿಯಲ್ಲಿ ಒಂದು ಮೋಸವಿದೆ, ಗಮನಿಸಿ: ಬಣ್ಣ ಹೋದಷ್ಟು ಬೇಗ ಅದರ ಖಾರ ಹೋಗುವುದಿಲ್ಲ. ಬಣ್ಣ ಸಾಲದೆಂದು ಇನ್ನೊಂದು ಚಮಚ ಹಾಕಿ, ಬಾಯಿ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ.

ನಿಮ್ಮ ಬೆಳ್ಳುಳ್ಳಿ ಪುಡಿ ಹೆಂಟೆಯಾದದ್ದು ಹಬೆಯಿಂದ. ಅದರಲ್ಲಿರುವ ಸಕ್ಕರೆಯ ಜಾತಿಯ ಪದಾರ್ಥಗಳು ತೇವವನ್ನು ಎಳೆದುಕೊಳ್ಳುವುದರಲ್ಲಿ ಬಹಳ ಚುರುಕು. ಕುದಿಯುವ ಪಾತ್ರೆಯ ಮೇಲೆ ಡಬ್ಬಿಯನ್ನು ಬಗ್ಗಿಸಿ ಉದುರಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಹಾಗೆ ಉದುರಿಸಿದ ತಕ್ಷಣ ಮುಚ್ಚಳದ ಒಳಭಾಗವನ್ನು ಬೆರಳಿನಿಂದ ಸವರಿ ನೋಡಿದರೆ ಪುಡಿಯು ತೆಳ್ಳಗಿನ ಕೆಸರಿನಂತೆ ಅಂಟಿಕೊಂಡಿರುವುದು ತಿಳಿಯುತ್ತದೆ. ಒಲೆಯಿಂದ ಒಂದು ಹೆಜ್ಜೆ ದೂರ ನಿಂತು ಒಣ ಚಮಚಕ್ಕೆ ಅಥವಾ ಅಂಗೈಗೆ ಸುರಿದುಕೊಂಡು ಹಾಕುವುದು ಸರಿಯಾದ ಕ್ರಮ.

ಡಬ್ಬಿಯ ವಿಷಯದಲ್ಲಿ ನನ್ನ ಆಯ್ಕೆ ಗಾಜು. ತೆಳು ಪ್ಲಾಸ್ಟಿಕ್ ಘಮವನ್ನು ತಾನೂ ಹೀರಿಕೊಳ್ಳುತ್ತದೆ, ಹೊರಕ್ಕೂ ಬಿಡುತ್ತದೆ. ಇಂಗು ಇಟ್ಟಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಮತ್ತೊಂದಕ್ಕೆ ಬಳಸಲಾಗದಿರುವುದು ಇದಕ್ಕೇ. ಪಾರದರ್ಶಕ ಗಾಜಾದರೂ ಚಿಂತೆಯಿಲ್ಲ, ಬಾಗಿಲಿರುವ ಕಪಾಟಿನೊಳಗೆ ಇಟ್ಟರಾಯಿತು. ಮುಖ್ಯವಾದದ್ದು ಗಾತ್ರ: ದೊಡ್ಡ ಡಬ್ಬಿಯ ತಳದಲ್ಲಿ ಎರಡು ಚಮಚ ಪುಡಿ ಉಳಿದಿದ್ದರೆ ಉಳಿದ ಜಾಗವೆಲ್ಲ ಗಾಳಿಯದ್ದೇ. ತುಂಬಿದ ದಿನಾಂಕವನ್ನು ಭರಣಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಬೇಡ. ತೊಳೆದಿಟ್ಟ ಮೇಲೆ ಯಾವ ಮುಚ್ಚಳ ಯಾವ ಭರಣಿಯದ್ದು ಎಂದು ಗೊತ್ತಾಗದೆ ಹೋಗುತ್ತದೆ.

ಉತ್ತರ 2 – ತೇವದ ಲೆಕ್ಕ

ಮೇಲಿನವರು ಘಮದ ಬಗ್ಗೆ ಬರೆದಿದ್ದಾರೆ. ನಾನು ಸುರಕ್ಷತೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಎರಡನ್ನೂ ಒಂದೇ ಎಂದು ತಿಳಿದು ಅನೇಕರು ಬಳಸಬಹುದಾದದ್ದನ್ನು ಎಸೆಯುತ್ತಾರೆ, ಎಸೆಯಬೇಕಾದದ್ದನ್ನು ಬಳಸುತ್ತಾರೆ.

ಚೆನ್ನಾಗಿ ಒಣಗಿದ ಮಸಾಲೆ ಹಳೆಯದಾಯಿತೆಂಬ ಮಾತ್ರಕ್ಕೆ ಕೆಡುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಶೇ. 8ರಿಂದ 12ರಷ್ಟು ಮಾತ್ರ ತೇವವಿರುವುದರಿಂದ ಬೂಷ್ಟಾಗಲಿ ಬ್ಯಾಕ್ಟೀರಿಯಾವಾಗಲಿ ಅದರ ಮೇಲೆ ಬೆಳೆಯಲಾರವು. ಆದರೆ ಬೆಳೆಯಲಾರದು ಎಂದರೆ ಸಾಯುತ್ತದೆ ಎಂದಲ್ಲ. ಸಾಲ್ಮೊನೆಲ್ಲಾದಂಥ ರೋಗಾಣುಗಳು ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಒಲೆಯ ಮೇಲಿನ ಪಾತ್ರೆಗೆ ಹಾಕಿ ಬೇಯಿಸಿದರೆ ಆ ಭಯವಿಲ್ಲ. ಬೇಯಿಸಿ ಇಳಿಸಿದ ಮೇಲೆ ಅಥವಾ ಹಸಿಯಾಗಿ ತಿನ್ನುವ ಪದಾರ್ಥದ ಮೇಲೆ ಪುಡಿ ಉದುರಿಸಿ, ಅದನ್ನು ಹೊರಗೇ ಗಂಟೆಗಟ್ಟಲೆ ಇಟ್ಟರೆ ಮಾತ್ರ, ತೇವ ಸಿಕ್ಕಿದ ರೋಗಾಣುಗಳು ಹೆಚ್ಚತೊಡಗುತ್ತವೆ. ಆದ್ದರಿಂದ ಹಾಗೆ ಉದುರಿಸಿದ್ದನ್ನು ಬೇಗ ತಿನ್ನಬೇಕು, ಇಲ್ಲವೇ ತಣ್ಣಗೆ ಇಡಬೇಕು.

ಗಂಟು ಕಟ್ಟಿದ ಪುಡಿಯೆಲ್ಲ ಕೆಟ್ಟದ್ದಲ್ಲ. ಆದರೆ ಮುಗ್ಗಲು ವಾಸನೆ ಬಂದರೆ, ಬಿಳಿ ಅಥವಾ ಹಸಿರು ಎಳೆಗಳು ಕಂಡರೆ, ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸೋಣ ಎಂಬ ಉಳಿತಾಯ ಬೇಡ. ಮೆಣಸಿನಕಾಯಿ, ಜಾಯಿಕಾಯಿಗಳಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿಗೆ ಹಾನಿಕರ, ಮತ್ತು ಮನೆಯ ಒಲೆಯ ಶಾಖಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ. ಒಂದು ಭರಣಿಯ ಪುಡಿಗಾಗಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಫ್ರಿಜ್ ಬಗ್ಗೆ ಕೇಳಿದ್ದೀರಿ. ದಿನಬಳಕೆಯ ಮಸಾಲೆಗೆ ಫ್ರಿಜ್ ಬೇಡ ಎಂಬುದು ನನ್ನ ಅಭಿಪ್ರಾಯ, ಅನೇಕರು ಇದನ್ನು ಒಪ್ಪುವುದಿಲ್ಲ ಎಂಬುದೂ ಗೊತ್ತು. ತಣ್ಣಗಿನ ಭರಣಿಯನ್ನು ಹೊರಗೆ ತೆಗೆದು ಮುಚ್ಚಳ ಬಿಚ್ಚಿದೊಡನೆ ಹೊರಗಿನ ಗಾಳಿಯ ತೇವ ಒಳಗಿನ ಪುಡಿಯ ಮೇಲೆ ಹನಿಯಾಗಿ ಕೂರುತ್ತದೆ. ದಿನಕ್ಕೆ ಎರಡು ಬಾರಿ ಹೀಗೆ ಮಾಡಿದರೆ ಒಲೆಯ ಹಬೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೂಡಿಟ್ಟ ಹೆಚ್ಚುವರಿ ದಾಸ್ತಾನಿಗೆ ಮಾತ್ರ ಫ್ರಿಜ್ ಅಥವಾ ಫ್ರೀಜರ್ ಒಳ್ಳೆಯದು. ಗಾಳಿಯಾಡದಂತೆ ಕಟ್ಟಿ ಇಡಬೇಕು, ಮತ್ತು ತೆಗೆದ ಮೇಲೆ ಅದು ಕೋಣೆಯ ಬಿಸಿಗೆ ಬರುವ ತನಕ ಬಿಚ್ಚದೆ ಕಾಯಬೇಕು. ಇದಕ್ಕೆ ಅಪವಾದ ಗಸಗಸೆ, ಎಳ್ಳಿನಂಥ ಜಿಡ್ಡಿನ ಬೀಜಗಳು. ಅವುಗಳ ಜಿಡ್ಡು ಗಾಳಿಗೆ ಕಮಟು ಹಿಡಿಯುವುದರಿಂದ ಅವಕ್ಕೆ ತಂಪು ಬೇಕು. ಬಣ್ಣ ಉಳಿಸಿಕೊಳ್ಳಬೇಕಾದ ಅಚ್ಚಖಾರದ ಪುಡಿಗೂ ತಂಪು ಅನುಕೂಲವೇ.

ಹುಳುವಿನ ವಿಷಯ ಯಾರೂ ಎತ್ತಿಲ್ಲ. ಮೆಣಸಿನಕಾಯಿ, ಕೊತ್ತಂಬರಿ ಬೀಜಗಳಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಂದು ಬಣ್ಣದ ಹುಳು ಕಂಡರೆ ಆ ಭರಣಿಯನ್ನು ಪೂರ್ತಿ ಖಾಲಿ ಮಾಡುವುದು ಲೇಸು. ಪಕ್ಕದ ತೆಳು ಚೀಲಗಳನ್ನೂ ಪರೀಕ್ಷಿಸಬೇಕು, ಏಕೆಂದರೆ ಅದು ಪ್ಲಾಸ್ಟಿಕ್ ಚೀಲವನ್ನು ಕೊರೆದುಕೊಂಡು ಹೋಗಬಲ್ಲದು. ಹೊಸದಾಗಿ ತಂದ ಇಡಿ ಕಾಳುಗಳ ಬಗ್ಗೆ ಅನುಮಾನವಿದ್ದರೆ, ಗಾಳಿಯಾಡದಂತೆ ಕಟ್ಟಿ −18 ಡಿಗ್ರಿ ಸೆಲ್ಸಿಯಸ್ ಇರುವ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟು ತೆಗೆದರೆ ಮೊಟ್ಟೆಗಳೂ ಉಳಿಯುವುದಿಲ್ಲ.

ಉತ್ತರ 3 – ಕಿಟಕಿಯ ಕುಂಡ

ಹಸಿ ಎಲೆಗಳ ಬಗ್ಗೆ ನಾನು ಹೇಳುತ್ತೇನೆ. ನೀವು ಮಾಡಿದ ತಪ್ಪು ಎಲ್ಲ ಎಲೆಗಳನ್ನೂ ಒಂದೇ ರೀತಿ ನಡೆಸಿಕೊಂಡದ್ದು.

ಕಾಮಕಸ್ತೂರಿಗೆ ಚಳಿ ಆಗುವುದಿಲ್ಲ. ಸುಮಾರು 10–12 ಡಿಗ್ರಿಗಿಂತ ಕೆಳಗೆ ಹೋದರೆ ಅದರ ಎಲೆಯ ಜೀವಕೋಶಗಳೇ ಘಾಸಿಗೊಂಡು ಕಪ್ಪಾಗುತ್ತವೆ, ಫ್ರಿಜ್ ಒಳಗಾದರೋ 4 ಡಿಗ್ರಿ. ಆದ್ದರಿಂದ ಅದರ ಕಾಂಡದ ತುದಿಯನ್ನು ಓರೆಯಾಗಿ ಕತ್ತರಿಸಿ, ಲೋಟದಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ, ಬಿಸಿಲು ಬೀಳದ ಕಡೆ ಹೊರಗೇ ಇಡಿ. ನೀರನ್ನು ಬದಲಿಸುತ್ತಿದ್ದರೆ ವಾರ ಕಳೆಯುವಷ್ಟರಲ್ಲಿ ಬೇರೂ ಬಿಡಬಹುದು. ನನ್ನ ಕಿಟಕಿಯಲ್ಲಿರುವ ಕುಂಡ ಹಾಗೆ ಹುಟ್ಟಿದ್ದು. ಕೊತ್ತಂಬರಿ, ಪುದೀನ, ಪಾರ್ಸ್ಲಿಗಳಿಗೂ ಇದೇ ಲೋಟದ ಉಪಾಯ, ಆದರೆ ಅವುಗಳನ್ನು ಮೇಲೆ ಸಡಿಲವಾಗಿ ಒಂದು ಚೀಲ ಹೊದಿಸಿ ಫ್ರಿಜ್ ಒಳಗೆ ಇಡಬೇಕು. ನಿಮ್ಮ ಕೊತ್ತಂಬರಿ ಲೋಳೆಯಾದದ್ದು ಎಲೆಗಳ ಮೇಲೆ ನೀರು ನಿಂತಿದ್ದರಿಂದ. ತೊಳೆಯುವುದನ್ನು ಬಳಸುವ ಹೊತ್ತಿಗೆ ಇಟ್ಟುಕೊಳ್ಳಿ. ಮೊದಲೇ ತೊಳೆಯಲೇಬೇಕೆಂದಿದ್ದರೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಹಳದಿಯಾದ ಒಂದು ಎಲೆಯನ್ನೂ ಕಟ್ಟಿನೊಳಗೆ ಬಿಡಬಾರದು. ರೋಸ್ಮರಿ, ಥೈಮ್‌ನಂಥ ಗಡಸು ಕಾಂಡದವುಗಳಿಗೆ ಇಷ್ಟು ಉಪಚಾರ ಬೇಡ, ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಹಾಯಾಗಿರುತ್ತವೆ.

ಒಣಗಿಸುವುದರಲ್ಲೂ ಇದೇ ಭೇದವಿದೆ. ರೋಸ್ಮರಿ, ಥೈಮ್, ಓರೆಗಾನೊ ಒಣಗಿದರೂ ತಮ್ಮತನ ಬಿಡುವುದಿಲ್ಲ. ಗಾಳಿಯಾಡುವ ನೆರಳಿನಲ್ಲಿ ಸಣ್ಣ ಸಣ್ಣ ಕಟ್ಟುಗಳಾಗಿ ತಲೆಕೆಳಗೆ ತೂಗುಹಾಕಿ, ಎಲೆ ಕೈಯಲ್ಲಿ ಗರಗರನೆ ಒಡೆಯುವಂತಾದ ಮೇಲೆ ಇಡಿ ಎಲೆಯಾಗಿಯೇ ತುಂಬಿಡಿ, ಪುಡಿ ಮಾಡುವುದು ಹಾಕುವ ಕ್ಷಣದಲ್ಲಿ. ಕೊತ್ತಂಬರಿ ಸೊಪ್ಪಿನ ಕಂಪು ಮಾತ್ರ ಒಣಗಿಸಿದರೆ ಹಾರಿಹೋಗಿ, ಉಳಿಯುವುದು ಹುಲ್ಲು. ಕರಿಬೇವು, ಕಾಮಕಸ್ತೂರಿಗಳೂ ಒಣಗಿದಾಗ ಬಹಳಷ್ಟು ಕಳೆದುಕೊಳ್ಳುತ್ತವೆ. ಇಂಥವನ್ನು ಫ್ರೀಜರ್‌ಗೆ ಹಾಕುವುದು ಲೇಸು. ಕಾಮಕಸ್ತೂರಿಯನ್ನು ಕುದಿಯುವ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿ, ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿ, ಹಿಂಡಿ, ಎಣ್ಣೆಯೊಂದಿಗೆ ಅರೆದು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿದರೆ ಹಸಿರಾಗಿಯೇ ಉಳಿಯುತ್ತದೆ, ಏಕೆಂದರೆ ಎಲೆಯನ್ನು ಕಪ್ಪು ಮಾಡುವ ಕಿಣ್ವ ಆ ಬಿಸಿಗೆ ಸಾಯುತ್ತದೆ.

ಎಣ್ಣೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹಸಿ ಬೆಳ್ಳುಳ್ಳಿಯನ್ನೋ ಹಸಿ ಎಲೆಯನ್ನೋ ಎಣ್ಣೆಯಲ್ಲಿ ಮುಳುಗಿಸಿ, ನೋಡಲು ಚೆಂದವೆಂದು ಬಾಟಲಿಯನ್ನು ಹೊರಗಿಡುವ ಪದ್ಧತಿ ನಿಜಕ್ಕೂ ಅಪಾಯಕಾರಿ. ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಗಾಳಿಯಿಲ್ಲದ, ಹುಳಿಯಿಲ್ಲದ, ತೇವವಿರುವ ಆ ಜಾಗದಲ್ಲಿ ಮೊಳೆತು, ಬಾಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆಯನ್ನು ಉಂಟುಮಾಡುವ ವಿಷವನ್ನು ತಯಾರಿಸಬಲ್ಲವು, ಮತ್ತು ಆ ವಿಷ ಬಣ್ಣದಿಂದಲೋ ವಾಸನೆಯಿಂದಲೋ ಗೊತ್ತಾಗುವುದಿಲ್ಲ. ಅಂಥ ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು, ಇಲ್ಲವೇ ಫ್ರೀಜರ್‌ನಲ್ಲಿಡಬೇಕು.

ಹೊಸ ಒಲೆ

ಮೂವರಿಗೂ ಧನ್ಯವಾದಗಳು. ಕಪಾಟನ್ನು ಖಾಲಿ ಮಾಡಲು ಆರಂಭಿಸಿದ್ದೇನೆ. ಘಮ ಕಳೆದುಕೊಂಡ, ಆದರೆ ಕೆಡದ ಪುಡಿಗಳನ್ನು ಎರಡರಷ್ಟು ಹಾಕಿ ಬಳಸಿ ಮುಗಿಸಬಹುದೇ? ಹುರಿದರೆ ಅವುಗಳ ಘಮ ಮರಳಿ ಬರುತ್ತದೆ ಎಂದು ಕೇಳಿದ್ದೇನೆ, ಅದು ನಿಜವೇ? ಇನ್ನೊಂದು ಸಂಗತಿ, ನನ್ನ ಸಾಸಿವೆ ಪುಡಿಗೆ ಮೂಸಿದರೆ ಯಾವ ವಾಸನೆಯೂ ಇಲ್ಲ. ಅದನ್ನೂ ಎಸೆಯಬೇಕೇ?

ಉತ್ತರ 4 – ಕುಟ್ಟಾಣಿ

ಸಾಸಿವೆ ಪುಡಿಯನ್ನು ದಯವಿಟ್ಟು ಎಸೆಯಬೇಡಿ. ಮೂಗು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಾಸಿವೆಯ ಘಾಟು ಕಾಳಿನೊಳಗೆ ಸಿದ್ಧವಾಗಿ ಇರುವುದೇ ಇಲ್ಲ. ಸಿನಿಗ್ರಿನ್ ಎಂಬ ವಸ್ತು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇದ್ದು, ಕಾಳು ಒಡೆದು ನೀರು ಸೋಕಿದಾಗ ಮಾತ್ರ ಎರಡೂ ಕೂಡಿ ಘಾಟನ್ನು ಹುಟ್ಟಿಸುತ್ತವೆ. ಒಂದು ಚಮಚ ಪುಡಿಗೆ ತಣ್ಣೀರು ಹಾಕಿ ಕಲಸಿ ಹತ್ತು ನಿಮಿಷ ಬಿಡಿ. ಮೊದಲು ಕಹಿಯಾದ ಹಿಟ್ಟಿನಂತಿದ್ದದ್ದು ಆಮೇಲೆ ಮೂಗಿನ ನೆತ್ತಿಗೆ ಏರಿದರೆ ಪುಡಿ ಚೆನ್ನಾಗಿದೆ ಎಂದರ್ಥ. ಕುದಿಯುವ ನೀರು ಹಾಕಿದರೆ ಕಿಣ್ವ ಸತ್ತು ಕಹಿಯೇ ಉಳಿಯುತ್ತದೆ. ಬಿಸಿ ಎಣ್ಣೆಯಲ್ಲಿ ಸಿಡಿಸಿದ ಇಡಿ ಸಾಸಿವೆ ಅಷ್ಟು ಸೌಮ್ಯವಾಗಿರುವುದಕ್ಕೂ ಇದೇ ಕಾರಣ.

ಇನ್ನು ಹುರಿಯುವ ವಿಷಯ. ಹೋದ ಎಣ್ಣೆ ಹುರಿದರೆ ಮರಳಿ ಬರುವುದಿಲ್ಲ. ಹುರಿದಾಗ ಏಳುವ ಪರಿಮಳ ಬೇರೆಯೇ, ಅದು ಬಿಸಿಗೆ ಕಾಳಿನ ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಕೂಡಿ ಹೊಸದಾಗಿ ಹುಟ್ಟುವಂಥದ್ದು, ಬ್ರೆಡ್ಡಿನ ಮೇಲ್ಪದರ ಕೆಂಪಾದಾಗ ಬರುವ ಪರಿಮಳದ ಬಳಗಕ್ಕೆ ಸೇರಿದ್ದು. ಹಳೆಯ ಇಡಿ ಕಾಳುಗಳಿಗೆ ಅದರಿಂದ ಸ್ವಲ್ಪ ಜೀವ ಬರಬಹುದು. ಹಳೆಯ ಪುಡಿಯನ್ನು ಹುರಿದರೆ ಅದು ಅರ್ಧ ನಿಮಿಷದಲ್ಲಿ ಹೊತ್ತಿಹೋಗುತ್ತದೆ, ಅಷ್ಟೇ. ಕಾಳುಗಳನ್ನು ಹುರಿಯುವಾಗಲೂ ಸಣ್ಣ ಉರಿಯಿರಲಿ, ಘಮ ಎದ್ದ ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿಯಿರಿ, ಏಕೆಂದರೆ ಉರಿ ಆರಿಸಿದರೂ ಕಾದ ಬಾಣಲೆ ತನ್ನ ಕೆಲಸ ನಿಲ್ಲಿಸುವುದಿಲ್ಲ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ ತುಂಬಬೇಕು. ಬಿಸಿಯಿರುವಾಗ ತುಂಬಿದರೆ ಭರಣಿಯ ಗೋಡೆ ಬೆವರುತ್ತದೆ.

ಎರಡರಷ್ಟು ಹಾಕುವ ಉಪಾಯ ನನಗೆ ಹಿಡಿಸುವುದಿಲ್ಲ. ಘಮ ಹಾರಿದರೂ ಕಹಿ, ಒಗರು ಮತ್ತು ನಾರು ಹಾರುವುದಿಲ್ಲ. ಪ್ರಮಾಣ ಹೆಚ್ಚಿಸಿದಾಗ ಅವೂ ಹೆಚ್ಚುತ್ತವೆ. ಮೆಂತ್ಯ, ಅರಿಸಿನಗಳಲ್ಲಿ ಇದು ನಾಲಗೆಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒಂದು ಚಿಟಿಕೆಯನ್ನು ಅಂಗೈಯಲ್ಲಿ ಹಾಕಿ ಉಜ್ಜಿ, ಮೈಬಿಸಿಗೆ ಘಮ ಏಳುತ್ತದೆಯೇ ನೋಡಿ. ಕಷ್ಟಪಟ್ಟು ಹುಡುಕಿದರೆ ಸಿಗುವಷ್ಟಿದ್ದರೆ ಒಂದೂವರೆಯಷ್ಟು ಹಾಕಿ ಬೇಗ ಮುಗಿಸಿ, ಏನೂ ಇಲ್ಲದಿದ್ದರೆ ಗಿಡದ ಬುಡಕ್ಕೆ ಹಾಕಿ.

ಬಳಸುವ ಹೊತ್ತಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಜತನದಿಂದ ಕಾಪಾಡಿದ ಘಮವನ್ನು ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿ ಕೋಣೆಯ ತುಂಬ ಹರಡುವುದು ವ್ಯರ್ಥ. ಚಕ್ಕೆ, ಲವಂಗದಂಥ ಇಡಿ ಸಾಮಾನುಗಳು ಮೊದಲು, ಪುಡಿಗಳು ನಡುವೆ, ಹೊಸದಾಗಿ ಕುಟ್ಟಿದ ಕಾಳುಮೆಣಸು ಮತ್ತು ಮೆದು ಎಲೆಗಳು ಇಳಿಸುವ ಹೊತ್ತಿಗೆ. ಹೆಚ್ಚಿನ ಮಸಾಲೆಗಳ ಘಮ ಜಿಡ್ಡಿನಲ್ಲಿ ಚೆನ್ನಾಗಿ ಕರಗುವುದರಿಂದ ಎಣ್ಣೆಯಲ್ಲಿ ಬಾಡಿಸಿದರೆ ಅಡುಗೆಯ ತುಂಬ ಹಬ್ಬುತ್ತದೆ. ಅರಿಸಿನದ ಬಣ್ಣವೂ ಎಣ್ಣೆಯಲ್ಲಿಯೇ ಬಿಡುವುದು. ಕೇಸರಿಯ ಬಣ್ಣ ಮಾತ್ರ ಇದಕ್ಕೆ ತದ್ವಿರುದ್ಧ, ನೀರಿನಲ್ಲಿ ಕರಗುವಂಥದ್ದು. ಅದನ್ನು ನೇರವಾಗಿ ಎಣ್ಣೆಗೆ ಹಾಕದೆ ಉಗುರುಬೆಚ್ಚಗಿನ ನೀರಿನಲ್ಲೋ ಹಾಲಿನಲ್ಲೋ ಇಪ್ಪತ್ತು ನಿಮಿಷ ನೆನೆಸಿ ಹಾಕಬೇಕು. ಹಸಿ ಎಲೆಯ ಬದಲು ಒಣ ಎಲೆ ಹಾಕುವುದಾದರೆ ಮೂರರಲ್ಲಿ ಒಂದು ಪಾಲು ಸಾಕು.

ಹೊಸ ಒಲೆ

ಹೇಳಿದಂತೆಯೇ 20 ಡಬ್ಬಿಗಳನ್ನೂ ಅಂಗೈಯಲ್ಲಿ ಉಜ್ಜಿ ನೋಡಿದೆ. ಏಳು ಗಿಡದ ಬುಡ ಸೇರಿದವು, ಮೂರನ್ನು ಈ ತಿಂಗಳೊಳಗೆ ಮುಗಿಸುತ್ತೇನೆ. ಸಾಸಿವೆ ಪುಡಿಯನ್ನು ಕಲಸಿಟ್ಟು ಹತ್ತು ನಿಮಿಷ ಕಳೆದ ಮೇಲೆ ಅನುಮಾನದಿಂದಲೇ ಮೂಗಿನ ಹತ್ತಿರ ಒಯ್ದೆ, ಕಣ್ಣಲ್ಲಿ ನೀರು ಬಂತು. ಬಾಗಿಲಿರುವ ಕೆಳಗಿನ ಕಪಾಟಿಗೆ ಚಿಕ್ಕ ಗಾಜಿನ ಭರಣಿಗಳು ಬಂದಿವೆ, ದಿನಾಂಕ ಮೈಮೇಲೆಯೇ ಬರೆದಿದ್ದೇನೆ. ಒಲೆಯ ಮೇಲಿನ ಕಪಾಟಿನಲ್ಲಿ ಈಗ ಸೌಟುಗಳಿವೆ.